ಘಟ್ಟವಿಳಿದು ಕಡಲಿಗೆ

ಶಾಲೆಗಳಿಗೆ ರಜೆ ಬಂದೊಡನೆ ಬೆಂಗಳೂರು, ತುಮಕೂರು, ಹಾಸನಗಳಿಂದ ಮಡದಿಮಕ್ಕಳೊಡನೆ, ಅನುಕೂಲವಿದ್ದಲ್ಲಿ ವೃದ್ಧ ತಂದೆತಾಯಿಗಳೊಡನೆ, ಕಡಲತೀರದ ಊರುಗಳನ್ನು ನೋಡಲು ಮೋಟಾರಿನಲ್ಲಿ ಹೊರಡುವ ಕುಟುಂಬಗಳು ಅನೇಕ. ಇದನ್ನು ದುಂದುವೆಚ್ಚವೆಂದು ಹಳಿಯುವ ಹಿರಿಯರು ನಮ್ಮಲ್ಲಿ ಇಲ್ಲದಿಲ್ಲ. ನಾವು ಅವರ ಪಕ್ಷದವರಲ್ಲ. ಮಂಗಳೂರು, ಮೂಲ್ಕಿ, ಉಡುಪಿ, ಮಲ್ಪೆ, ಕುಂದಾಪುರಗಳನ್ನು ಒಂದೊಂದಾಗಿ ಹಾದು, ಒಂದು ಮಗ್ಗುಲಿಗೆ ಸಮುದ್ರವೂ ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿಯೂ ಇರುವ ಮರವಂತೆಯಲ್ಲಿ ಗಾಡಿಯನ್ನು ನಿಲ್ಲಿಸಿ, ಮಗುವಿಗೆ ಮೊದಲ ಬಾರಿ ತೆರೆಯನ್ನು ತೋರಿಸುವ ತಂದೆಯು ಪೋಲು ಮಾಡಿದ್ದಾದರೂ ಏನು? ಆದರೆ ಇಂದು ನಾವು ಹೇಳಹೊರಟಿರುವುದು ಕಡಲಿನ ಮಾತಲ್ಲ. ಕಡಲನ್ನು ಸೇರುವ ದಾರಿಯ ಮಾತು.

ಹಾಸನವನ್ನು ಬಿಟ್ಟು ಆಲೂರಿನ ಸೀಮೆಯನ್ನು ಹೊಕ್ಕೊಡನೆ ನೆಲದ ಬಣ್ಣವೇ ಬೇರೆಯಾಗುತ್ತದೆ. ಬಾಳ್ಳುಪೇಟೆ ಕಳೆಯುವಷ್ಟರಲ್ಲಿ ಮರಗಳ ನೆರಳಿನಲ್ಲಿ ಕಾಫಿಯೂ ಆ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿಯೂ ಕಣ್ಣಿಗೆ ಬೀಳುತ್ತವೆ. ಸಕಲೇಶಪುರದಲ್ಲಿ ಹೇಮಾವತಿಯನ್ನು ದಾಟಿ ಸ್ವಲ್ಪ ದೂರ ಹೋದರೆ ದೋಣಿಗಾಲಿನ ಬಳಿಯ ಗುಡ್ಡದ ಮೇಲೆ ಟಿಪ್ಪು ಸುಲ್ತಾನನು ಕಟ್ಟಿಸಿದ ಮಂಜರಾಬಾದಿನ ನಕ್ಷತ್ರಾಕಾರದ ಕೋಟೆ. ಅಲ್ಲಿಂದ ಶಿರಾಡಿ ಘಟ್ಟ ಇಳಿಯತೊಡಗುತ್ತದೆ. ಹೇಮಾವತಿಯ ನೀರು ಕಾವೇರಿಯನ್ನು ಸೇರಿ ಮೂಡಣ ಸಮುದ್ರಕ್ಕೆ ಹೋದರೆ, ದಾರಿಯ ಪಕ್ಕದಲ್ಲಿಯೇ ಹರಿಯುವ ಕೆಂಪುಹೊಳೆಯ ನೀರು ಕುಮಾರಧಾರೆಯನ್ನು ಕೂಡಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯಾಗಿ ಪಡುಗಡಲಿಗೆ ಸಲ್ಲುತ್ತದೆ. 1956ರ ನವೆಂಬರ್ 1ರ ವರೆಗೆ ನೀರಿನಂತೆ ರಾಜ್ಯವೂ ಇಲ್ಲಿಯೇ ಇಬ್ಭಾಗವಾಗಿತ್ತು. ಘಟ್ಟದ ಮೇಲು ಮೈಸೂರಾದರೆ ಕೆಳಗು ಮದ್ರಾಸು. ಸಕಲೇಶಪುರದ ಕನ್ನಡಿಗನು ಪುತ್ತೂರಿನ ನೆಂಟನನ್ನು ಕಾಣಲು ಬೇರೊಂದು ರಾಜ್ಯಕ್ಕೆ ಇಳಿಯಬೇಕಾಗಿತ್ತು. ಏಕೀಕರಣಕ್ಕಾಗಿ ದುಡಿದ ಮಹನೀಯರು ಅಳಿಸಿದ ಆ ಗಡಿಯು ಈಗ ಮಳೆಗಾಲಗಳಲ್ಲಿ ತಾನಾಗಿಯೇ ಮತ್ತೆ ಎದ್ದು ನಿಲ್ಲುತ್ತಿರುವುದು ವಿಷಾದದ ಸಂಗತಿ.

2018ರ ಆಗಸ್ಟಿನಲ್ಲಿ ಶಿರಾಡಿ ಘಟ್ಟವು ಕುಸಿದು ಸಂಚಾರ ನಿಂತಿತು. ಅದೇ ದಿನಗಳಲ್ಲಿ ಮಡಿಕೇರಿಯ ಕಡೆಯ ಸಂಪಾಜೆಯ ದಾರಿಯೂ ಕುಸಿಯಿತು. 2019ರಲ್ಲಿ ಚಾರ್ಮಾಡಿಯ ಸರದಿ. 2022ರ ಜುಲೈಯಲ್ಲಿ ದೋಣಿಗಾಲಿನ ಬಳಿ ರಸ್ತೆಯೇ ಜಾರಿತು. 2024ರ ಜುಲೈಯಲ್ಲಿ ಮತ್ತೆ ಅಲ್ಲಿಯೇ ಗುಡ್ಡ ಬಿದ್ದಿತು. ಆ ತಿಂಗಳ ಕೊನೆಗೆ ಎಡಕುಮೇರಿ ಮತ್ತು ಕಡಗರವಳ್ಳಿಗಳ ನಡುವೆ ರೈಲು ಹಳಿಯ ಕೆಳಗಿನ ಮಣ್ಣೂ ಕುಸಿದು ರೈಲುಗಳು ನಿಂತವು. (ಮೀಟರ್ ಗೇಜಿನ ಹಳಿಯನ್ನು ಬದಲಿಸುವುದಕ್ಕೆಂದು 1996ರಲ್ಲಿ ನಿಂತ ಈ ಮಾರ್ಗದ ಪ್ರಯಾಣಿಕರ ರೈಲು ಪುನಃ ಓಡಿದ್ದು 2007ರಲ್ಲಿ ಎಂಬುದನ್ನು ಮಲೆನಾಡಿನವರು ಮರೆತಿಲ್ಲ.)

ಘಟ್ಟದ ಮಳೆ ಅಸಾಧಾರಣವಾದುದು, ಮನುಷ್ಯನ ಕೈಯಲ್ಲೇನಿದೆ ಎಂಬುದು ಅಧಿಕಾರಸ್ಥರ ಕಡೆಯಿಂದ ಪ್ರತಿಸಲವೂ ಬರುವ ಸಮಾಧಾನ. ಮೇಲಿಂದ ಮೇಲೆ ಬರುವುದನ್ನು ಅಸಾಧಾರಣವೆನ್ನುವುದು ಯಾವ ನ್ಯಾಯವೋ ನಮಗೆ ತಿಳಿಯದು. ಗುಡ್ಡದ ಮೇಲಿನ ಮಣ್ಣನ್ನು ಹಿಡಿದಿರುವುದು ಮರಗಳ ಬೇರು, ತಾಳಿರುವುದು ಅದರ ಇಳಿಜಾರು. ರಸ್ತೆಯನ್ನು ಅಗಲಿಸುವ ಭರದಲ್ಲಿ ಬೇರನ್ನು ಕಿತ್ತು, ಇಳಿಜಾರನ್ನು ಗೋಡೆಯಂತೆ ನೆಟ್ಟಗೆ ಕಡಿದು, ಮೇಲಿನಿಂದ ಬರುವ ನೀರಿಗೆ ಕಾಲುವೆಯನ್ನು ತೋಡದೆ ಬಿಟ್ಟರೆ, ನೀರನ್ನು ಕುಡಿದು ಭಾರವಾದ ಮಣ್ಣು ಬೀಳದೆ ಮತ್ತೇನು ಮಾಡೀತು? ಮೆಟ್ಟಿಲುಮೆಟ್ಟಿಲಾಗಿ ಕಡಿಯಬೇಕು, ಮಳೆಗೆ ಮುಂಚೆ ಆಸರೆಗೋಡೆ ಏಳಬೇಕು, ನೀರಿಗೆ ದಾರಿ ಬಿಡಬೇಕು. ಇದು ತನ್ನ ತೋಟಕ್ಕೆ ದಾರಿ ಮಾಡಿಕೊಳ್ಳುವ ಬೆಳೆಗಾರನಿಗೂ ಗೊತ್ತಿರುವ ವಿದ್ಯೆ. ಪಶ್ಚಿಮ ಘಟ್ಟಗಳ ವಿಷಯವಾಗಿ ಮಾಧವ ಗಾಡ್ಗೀಳರ ಸಮಿತಿಯು 2011ರಲ್ಲಿಯೇ ವರದಿಯನ್ನು ಒಪ್ಪಿಸಿತ್ತು. ಅದರ ಒಂದೊಂದು ಶಿಫಾರಸನ್ನೂ ಒಪ್ಪಲೇಬೇಕೆಂದು ನಾವು ಹಟ ಹಿಡಿಯುವುದಿಲ್ಲ. ಓದಿ ನೋಡುವುದಕ್ಕೂ ಬಿಡುವಿಲ್ಲದಂತೆ ನಡೆದುಕೊಂಡದ್ದು ಮಾತ್ರ ಅಕ್ಷಮ್ಯ.

ಕುಸಿತದ ದಿನಗಳಲ್ಲಿ ಜಿಲ್ಲಾಧಿಕಾರಿಗಳು ಘಟ್ಟವನ್ನು ಮುಚ್ಚಿದರೆಂದು ಗೊಣಗುವವರುಂಟು. ಮುಚ್ಚಿದ್ದು ತಪ್ಪಲ್ಲ, ಮುಚ್ಚುವ ಹಾಗೆ ಮಾಡಿಕೊಂಡದ್ದು ತಪ್ಪು. 2024ರ ಜುಲೈ 16ರಂದು ಅಂಕೋಲೆಯ ಬಳಿಯ ಶಿರೂರಿನಲ್ಲಿ, ಇದೇ ಕರಾವಳಿಯ ಹೆದ್ದಾರಿಯ ಮೇಲೆ, ಗುಡ್ಡವು ಜರಿದು ದಾರಿಬದಿಯ ಚಹದಂಗಡಿಯನ್ನೂ ಅದನ್ನು ನಡೆಸುತ್ತಿದ್ದ ಕುಟುಂಬವನ್ನೂ ಗಂಗಾವಳಿ ನದಿಗೆ ನೂಕಿದ್ದನ್ನು ನೆನೆದವರು ಈ ಮಾತನ್ನು ಒಪ್ಪುವರು. ಪ್ರವಾಸ ಹೊರಟ ಕುಟುಂಬವಾದರೆ ಮನೆಗೆ ಹಿಂದಿರುಗಿ ಮುಂದಿನ ರಜೆಯನ್ನು ಕಾಯಬಹುದು. ಮಂಗಳೂರಿನ ಆಸ್ಪತ್ರೆಗೆ ಹೊರಟ ಮಲೆನಾಡಿನ ರೋಗಿಯೂ ರಾತ್ರಿ ಹಿಡಿದ ಮೀನನ್ನು ಬೆಳಗಿಗೆ ಮೇಲಕ್ಕೆ ಕಳುಹಿಸುವ ಬೆಸ್ತನೂ ಯಾವ ರಜೆಯನ್ನು ಕಾಯಬೇಕು? ಇಕ್ಕಟ್ಟಿನ ತಿರುವುಗಳ ಚಾರ್ಮಾಡಿಯಲ್ಲಿ ದೊಡ್ಡ ಲಾರಿಗಳು ಹೋಗಲಾರವು. ಬಿಸಿಲೆಯ ದಾರಿಯಂತೂ ಇನ್ನೂ ಕಿರಿದು.

ಪ್ರವಾಸಿಗರಿಗೂ ಒಂದು ಮಾತು. ಆಲೂರು, ಸಕಲೇಶಪುರಗಳ ಬೆಟ್ಟಗಳು ಕಡಲಿಗೆ ಹೋಗುವವರು ಕಾಲು ಚಾಚಿ ಉಂಡು ಎಲೆಯನ್ನು ಬಿಸಾಡುವ ಜಗಲಿಯಲ್ಲ. ಇಲ್ಲಿನ ಜನರು ಆನೆಗಳ ನಡುವೆ ಬಾಳುತ್ತಿದ್ದಾರೆ. ಅರಣ್ಯ ಇಲಾಖೆಯವರು ಹಿಂಡು ಎಲ್ಲಿದೆಯೆಂದು ಊರವರಿಗೆ ಮೊಬೈಲಿನಲ್ಲಿ ತಿಳಿಸುವ ಏರ್ಪಾಡಿದೆ. ಆ ಸಂದೇಶವನ್ನು ನೋಡಿಕೊಂಡು ಕೂಲಿಯವರು ತೋಟಕ್ಕೆ ಇಳಿಯುತ್ತಾರೆ. ಎಂಟು ದಸರೆಗಳಲ್ಲಿ ಚಿನ್ನದ ಅಂಬಾರಿಯನ್ನು ಹೊತ್ತ ಅರ್ಜುನನು 2023ರ ಡಿಸೆಂಬರ್ 4ರಂದು ಕಾಡಾನೆಯೊಡನೆ ಕಾದಾಡಿ ಮಡಿದದ್ದು ಈ ತಾಲ್ಲೂಕಿನ ಯಸಳೂರಿನ ಕಾಡಿನಲ್ಲಿಯೇ. ಹೀಗಿರುವಲ್ಲಿ ಗಾಡಿಯನ್ನು ನಿಲ್ಲಿಸಿ ಹಾಡು ಹಾಕಿ ಕುಣಿಯುವುದು, ತಿಂಡಿಯ ಪ್ಲಾಸ್ಟಿಕ್ ಚೀಲಗಳನ್ನು ಕೆಂಪುಹೊಳೆಗೆ ಎಸೆಯುವುದು ಮರ್ಯಾದಸ್ಥರ ಲಕ್ಷಣವಲ್ಲ. ಇವರು ಎಸೆದ ಚೀಲವು ಇವರಿಗಿಂತ ಮೊದಲೇ ಕಡಲನ್ನು ಸೇರಲೂಬಹುದು!

ಸರಕಾರದವರು ಕರಾವಳಿಯ ಚಿತ್ರಗಳನ್ನು ಅಚ್ಚು ಹಾಕಿಸಿ ಜನರನ್ನು ಕರೆಯುತ್ತಾರೆ, ಕರೆಯಲಿ. ಆದರೆ ಬರುವ ಮಳೆಗೆ ಮುಂಚೆ, ಹೊಣೆಗಾರರಾದ ಒಬ್ಬ ಇಂಜಿನಿಯರರು ದೋಣಿಗಾಲಿನಿಂದ ಗುಂಡ್ಯದ ವರೆಗೆ ಕಾರಿನಲ್ಲಲ್ಲ, ಕಾಲ್ನಡಿಗೆಯಲ್ಲಿ ಇಳಿದು, ಎಲ್ಲೆಲ್ಲಿ ಗುಡ್ಡ ಸಡಿಲಾಗಿದೆ, ಅಲ್ಲಲ್ಲಿ ಯಾವ ಕೆಲಸ ಯಾವ ತಾರೀಖಿಗೆ ಮುಗಿಯುವುದು ಎಂಬ ಪಟ್ಟಿಯನ್ನು ತಮ್ಮ ಸಹಿಯೊಡನೆ ಪ್ರಕಟಿಸಬೇಕೆಂದು ನಾವು ಕೇಳುತ್ತೇವೆ. ಆ ಪಟ್ಟಿಯನ್ನು ಸಕಲೇಶಪುರದ ಬಸ್ ನಿಲ್ದಾಣದಲ್ಲಿ ಎಲ್ಲರೂ ಓದುವಂತೆ ಅಂಟಿಸಲಿ.