ಹತ್ತು ಗಂಟೆಯ ಬೀಗ

ನಮ್ಮ ಬಡಾವಣೆಯ ಪಾರ್ಕಿಗೆ ಬೆಳಗ್ಗೆ ಹತ್ತಕ್ಕೆ ಬೀಗ ಬೀಳುತ್ತದೆ. ಬೆಂಗಳೂರಿನ ಬೀದಿ ಗುಡಿಸುವ ಪೌರಕಾರ್ಮಿಕ ಹೆಂಗಸರು ಪೊರಕೆ ಒರಗಿಸಿ ಬುತ್ತಿ ಬಿಚ್ಚುವುದೂ ಅದೇ ಹೊತ್ತಿಗೆ. ಎಲ್ಲಿ? ಗೇಟಿನ ಹೊರಗೆ, ಚರಂಡಿ ಚಪ್ಪಡಿಯ ಮೇಲೆ. ಒಳಗೆ ಹೊಂಗೆಯ ನೆರಳಿದೆ, ಕಲ್ಲುಬೆಂಚಿದೆ, ನಲ್ಲಿಯಿದೆ. ಆ ನೆರಳಿನಲ್ಲಿ ಆಗ ಮಲಗಿರುವುದು ಒಂದು ಬೀದಿನಾಯಿ. ಕಂಬಿ ಸಂದಿಯಲ್ಲಿ ನುಸುಳುವುದು ಅದಕ್ಕೆ ಗೊತ್ತು.

ಅವರಲ್ಲೊಬ್ಬ ಅಕ್ಕನಿಗೆ ಸಕ್ಕರೆ ಕಾಯಿಲೆ. "ದಿನಾ ಅರ್ಧ ಗಂಟೆ ವಾಕಿಂಗ್ ಮಾಡಮ್ಮ ಅಂದ್ರು ಸಾರ್ ಡಾಕ್ಟ್ರು. ಆರೂವರೆಯಿಂದ ನಾಲ್ಕು ಬೀದಿ ತಿರುಗ್ತೀನಲ್ಲ, ಅದು ವಾಕಿಂಗ್ ಅಲ್ವಾ ಅಂದೆ. ನಕ್ಬಿಟ್ರು."

ನನಗೆ ನಗು ಬರಲಿಲ್ಲ. ಆಕೆ ಗುಡಿಸಿದ ಬೀದಿಯಲ್ಲಿ ನಡೆದು ಬಂದು, ಪಾರ್ಕಿನಲ್ಲಿ ಮೂರು ಸುತ್ತು ಹಾಕಿ, ನಾವು ಬಿ.ಪಿ. ಇಳಿಸಿಕೊಳ್ಳುತ್ತೇವೆ. ಎದ್ದ ಧೂಳು ಆಕೆಯ ಪುಪ್ಪುಸಕ್ಕೆ, ಮರದ ಗಾಳಿ ನಮ್ಮ ಪುಪ್ಪುಸಕ್ಕೆ.

2024ರಲ್ಲಿ ಪಾಲಿಕೆ, ಪಾರ್ಕುಗಳು ಬೆಳಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ತೆರೆದಿರಲಿ ಎಂದಿತು. ನಮ್ಮಲ್ಲಿ ಹಿರಿಯರು ಸಭೆ ಸೇರಿದರು. ಕುಡುಕರು ಬರುತ್ತಾರೆ, ಪ್ರೇಮಿಗಳು ಬರುತ್ತಾರೆ, ಸ್ಲಮ್ಮಿನ ಹುಡುಗರು ಬರುತ್ತಾರೆ ಎಂದರು. ಮೂರನೆಯದೇ ನಿಜ, ಮೊದಲಿನೆರಡು ಅದಕ್ಕೆ ಹೊದಿಸಿದ ಶಾಲು. ಬಾವಿ ಕಟ್ಟೆಯಿಂದ ದೂರ ನಿಲ್ಲಿಸಿದವರ ಮೊಮ್ಮಕ್ಕಳು ನಾವು. ಬಾವಿ ಬತ್ತಿತು, ಕಟ್ಟೆ ಹೋಯಿತು. ದೂರ ನಿಲ್ಲಿಸುವ ಚಟ ಹೋಗಲಿಲ್ಲ. ಬೀಗ ಇಂದಿಗೂ ಬೆಳಗ್ಗೆ ಹತ್ತಕ್ಕೇ ಬೀಳುತ್ತಿದೆ.

ಇದೇ ಊರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆಂದು ಮೀಸಲಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆ ಕಟ್ಟಲು ಒಂದು ಟ್ರಸ್ಟಿಗೆ ಕೊಟ್ಟಿದ್ದರು. ನಿವಾಸಿಗಳು ಕೋರ್ಟಿಗೆ ಹೋದರು. ಆಸ್ಪತ್ರೆಯೂ ಜನರ ಆರೋಗ್ಯಕ್ಕೇ ಅಲ್ಲವೇ ಎಂಬ ವಾದ ನಿಲ್ಲಲಿಲ್ಲ. ಆ ಹಂಚಿಕೆ ಸಲ್ಲದು ಎಂದು 1991ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಉದ್ಯಾನವೆಂಬುದು ಒಂದು ಕಾಲಕ್ಕೆ ಸಿರಿವಂತರ ಸೊತ್ತಾಗಿತ್ತು, ಸಮಾನತೆಯ ವಿಚಾರ ಬೆಳೆದಂತೆ ಜನಸಾಮಾನ್ಯರ ಪಾಲಿಗೆ ಬಂತು ಎಂಬುದನ್ನೂ ಆ ತೀರ್ಪು ನೆನಪಿಸಿತು. ಒಳ್ಳೆಯ ತೀರ್ಪು. ಆದರೆ ಉಳಿಸಿಕೊಳ್ಳಲು ಅಲ್ಲಿ ಒಂದು ಪಾರ್ಕಿನ ಜಾಗವಿತ್ತು, ಲಾಯರಿಗೆ ಕೊಡಲು ದುಡ್ಡಿತ್ತು. ನಕ್ಷೆಯಲ್ಲಿ ಹಸಿರು ಬಣ್ಣವನ್ನೇ ಕಾಣದ ಕೊಳಗೇರಿಯವರು ಯಾವ ಜಾಗ ಉಳಿಸಿ ಎಂದು ಕೋರ್ಟಿಗೆ ಹೋಗಬೇಕು?

ಹಸಿರೇ ಇಲ್ಲದ ಕಡೆ ಹಸಿರು ತಂದರೆ ಏನಾದೀತು? ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸಂಶೋಧಕರು 541 ಪಾಳುಬಿದ್ದ ಸೈಟುಗಳನ್ನು ಚೀಟಿ ಎತ್ತಿದಂತೆ ಮೂರು ಪಾಲು ಮಾಡಿದರು. ಒಂದು ಪಾಲಿನಲ್ಲಿ ಕಸ ತೆಗೆದು, ಹುಲ್ಲು ಹಾಸಿ, ನಾಲ್ಕು ಗಿಡ ನೆಟ್ಟು, ಮೊಣಕಾಲೆತ್ತರದ ಬೇಲಿ ಹಾಕಿದರು. ಇನ್ನೊಂದರಲ್ಲಿ ಬರೀ ಕಸ ತೆಗೆದರು. ಮೂರನೆಯದನ್ನು ಮುಟ್ಟಲಿಲ್ಲ. 2018ರಲ್ಲಿ ಫಲಿತಾಂಶ ಹೊರಬಂತು. ಹಸಿರು ಮಾಡಿದ ಕಡೆ, ಮನಸ್ಸು ಕುಗ್ಗಿದೆ ಎನ್ನುವ ಜನ ಶೇ. 41ರಷ್ಟು ಕಡಿಮೆಯಾಗಿದ್ದರು, ಬಡವರ ಕೇರಿಗಳಲ್ಲಿ ಇಳಿಕೆ ಶೇ. 68ನ್ನೂ ದಾಟಿತ್ತು. ಬರೀ ಕಸ ತೆಗೆದ ಕಡೆ ಹೇಳಿಕೊಳ್ಳುವಂಥ ಬದಲಾವಣೆಯಿಲ್ಲ. ಪೊರಕೆ ಹಿಡಿದು ಫೋಟೋ ತೆಗೆಸಿಕೊಳ್ಳುವ ಮಹಾನುಭಾವರು ಈ ಕೊನೆಯ ಸಾಲನ್ನು ಎರಡು ಸಲ ಓದಲಿ. ಒಂದೊಂದು ಸೈಟಿಗೆ ತಗುಲಿದ್ದು ಸುಮಾರು 1,600 ಡಾಲರ್. ನಮ್ಮಲ್ಲಿ ಒಬ್ಬ ಶಾಸಕರ ಹುಟ್ಟುಹಬ್ಬದ ಫ್ಲೆಕ್ಸುಗಳ ಖರ್ಚಿನಲ್ಲಿ ಇಂಥ ಎಷ್ಟು ಜಾಗ ಚಿಗುರೀತು, ನೀವೇ ಲೆಕ್ಕ ಹಾಕಿ.

ಸರ್ಕಾರದ ಬಳಿ ದುಡ್ಡಿಲ್ಲವಂತೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ನೆಲದಡಿ ಕಾರು ಓಡಿಸಲು ಹದಿನೇಳು ಸಾವಿರ ಕೋಟಿಯ ಆಸುಪಾಸಿನ ಅಂದಾಜು ಹಾಕಲು ಮಾತ್ರ ಕೈ ನಡುಗಲಿಲ್ಲ. ಪಾರ್ಕಿಗೆ ಬರುವ ಪುಡಿಗಾಸೂ 'ಸುಂದರೀಕರಣ'ದ ಹೆಸರಲ್ಲಿ ಬರುತ್ತದೆ. ಸುಂದರೀಕರಣವೆಂದ ಮೇಲೆ ಕೇಳಬೇಕೆ? ಗ್ರಾನೈಟು, ಕಾರಂಜಿ, ಕಮಾನು, ಕಮಾನಿನ ಮೇಲೆ ಹೆಸರು. ಗಿಡಕ್ಕಿಂತ ಗ್ರಾನೈಟಿನಲ್ಲಿ ಕಮಿಷನ್ ಚೆನ್ನಾಗಿ ಬೇರು ಬಿಡುತ್ತದೆ. ಈ ದುಡ್ಡನ್ನು ಆರೋಗ್ಯದ ಲೆಕ್ಕಕ್ಕೆ ಬರೆಯಿರಿ ಸ್ವಾಮಿ! ಲಸಿಕೆಗೆ, ಮಾತ್ರೆಗೆ ಇಟ್ಟ ಹಾಗೆ ಮರಕ್ಕೆ, ಮಾಲಿಯ ಸಂಬಳಕ್ಕೆ ಇಡಿ. ಆಗ ಮೊದಲ ಬೇವಿನ ಸಸಿ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವುದು ಕಂಟ್ರಾಕ್ಟರಲ್ಲ, ರೋಗ. ಶೀಟಿನ ಮನೆಯಲ್ಲಿ ಏಪ್ರಿಲ್ ಮಧ್ಯಾಹ್ನ ಬೇಯುವ ಮುದುಕಿ ಎಲ್ಲಿದ್ದಾಳೋ, ಆಡಲು ಮೋರಿ ದಂಡೆಯಷ್ಟೇ ಇರುವ ಮಗು ಎಲ್ಲಿದೆಯೋ, ಅಲ್ಲಿಗೆ.

ನಿನ್ನೆ ಆ ಅಕ್ಕ ಊಟ ಮುಗಿಸಿ ಕೈ ತೊಳೆಯಲು ನೀರು ಹುಡುಕುತ್ತಿದ್ದರು. ನಲ್ಲಿ ಹತ್ತು ಹೆಜ್ಜೆ ದೂರದಲ್ಲಿತ್ತು. ಬೀಗದ ಕೈ ಯಾರ ಬಳಿ ಇದೆ ಎಂದು ಕೇಳಿದೆ. ಬಡಾವಣೆಯ ಸಂಘದ ಕಾರ್ಯದರ್ಶಿಗಳ ಮನೆಯಲ್ಲಂತೆ. ಹೋಗಿ ಬೆಲ್ ಒತ್ತಿದೆ. "ಸಾಹೇಬ್ರು ಮಲಗಿದ್ದಾರೆ, ವಾಕಿಂಗ್ ಮುಗಿಸಿ ಬಂದು ಸುಸ್ತಾಗಿದೆ," ಎಂದರು.