ನೆಲ್ಲಿಯ ಮರ್ಮ ಬಲ್ಲವರು

ನಂಜನಗೂಡಿನ ಹಲ್ಲುಪುಡಿಯ ಹೆಸರನ್ನು ಕೇಳದ ಕನ್ನಡಿಗರು ವಿರಳ. ಬಿ. ವಿ. ಪಂಡಿತರು 1913ರಲ್ಲಿ ಅಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯು ಆಯುರ್ವೇದವನ್ನು ಮನೆಮನೆಗೆ ಮುಟ್ಟಿಸಿತು. ಅದೇ ಸೀಮೆಯ ತಾಂಡ್ಯದಲ್ಲಿ ಈಗ ಕಾರ್ಖಾನೆಗಳೂ ಎದ್ದಿವೆ. ಆದರೆ ಗ್ರಂಥಗಳನ್ನು ಸೇರದ ಇನ್ನೊಂದು ಮೂಲಿಕಾ ವಿದ್ಯೆಯು ಇಲ್ಲಿಂದ ಆಗ್ನೇಯಕ್ಕಿರುವ ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿದೆ. ಅದರ ಒಡೆಯರು ಸೋಲಿಗರು.

ತ್ರಿಫಲೆಗೂ ಚ್ಯವನಪ್ರಾಶಕ್ಕೂ ಬೇಕಾದ ನೆಲ್ಲಿಕಾಯಿಯನ್ನೇ ನೋಡಿ. ಅದನ್ನು ಕಾಡಿನಿಂದ ಆಯ್ದು ಮಾರುವುದು ಸೋಲಿಗರಿಗೆ ಜೀವನೋಪಾಯ. ಮರಗಳು ಸೊರಗಿದರೆ ಕಾಯಿ ಕೀಳುವವರನ್ನೇ ದೂರುವುದು ಹೊರಗಿನವರಿಗೆ ಸುಲಭ. ಸೋಲಿಗರು ತೋರಿಸಿದ ಕಾರಣವೇ ಬೇರೆ. ಕೊಂಬೆಗೆ ಅಂಟಿ ರಸ ಹೀರುವ ಬದನಿಕೆಯನ್ನು ಅವರು ‘ಉಪ್ಪಿಲು’ ಎನ್ನುತ್ತಾರೆ. ಹಿಂದೆ ಒಣಗಿದೆಲೆಗೆ ಹಚ್ಚುತ್ತಿದ್ದ ‘ತರಗು ಬೆಂಕಿ’ಯು ಅದನ್ನು ಹದ್ದಿನಲ್ಲಿಡುತ್ತಿತ್ತು, 1974ರಲ್ಲಿ ಕಾಡು ವನ್ಯಧಾಮವಾಗಿ ಬೆಂಕಿ ನಿಷಿದ್ಧವಾದ ಮೇಲೆ ಉಪ್ಪಿಲು ಹಬ್ಬಿತು, ಎಂಬುದು ಅವರ ವಾದ.

ವಿಜ್ಞಾನಿಗಳು ಇದನ್ನು ತಳ್ಳಿಹಾಕಲಿಲ್ಲ. ಬದನಿಕೆ ಹತ್ತಿದ ಮರ ಕಾಯಿ ಕಡಮೆ ಬಿಡುವುದನ್ನು ಅಳೆದು ಕಂಡರು. ಏಟ್ರೀ ಸಂಸ್ಥೆಯ ಸಂಶೋಧಕರೂ ಸೋಲಿಗರೂ ಕೂಡಿ ಫಸಲೆಷ್ಟು, ಕಿತ್ತದ್ದೆಷ್ಟು ಎಂದು ಲೆಕ್ಕವಿಟ್ಟರು. ಇಷ್ಟಾದರೂ ಕಾನೂನಿನ ಹೆಸರಿನಲ್ಲಿ ಕಾಡಿನ ಸಂಗ್ರಹಣೆಯೇ ನಿಂತು, ಬಡವರ ಒಲೆಗೆ ಪೆಟ್ಟು ಬಿದ್ದಿತು. 2011ರಲ್ಲಿ ಸಮುದಾಯದ ಅರಣ್ಯಹಕ್ಕುಗಳಿಗೆ ಮನ್ನಣೆ ದೊರೆತ ಬಳಿಕವಷ್ಟೆ ಅವರ ಮಾತಿಗೆ ಕಾನೂನಿನ ಬಲ ಬಂದಿತು.

ತಿಳಿವನ್ನು ಪಡೆದವರು ಲಾಭವನ್ನೂ ಹಂಚಬೇಡವೆ? ಇದಕ್ಕೆ ಕೇರಳದಲ್ಲೊಂದು ನಿದರ್ಶನವುಂಟು. 1987ರಲ್ಲಿ ಅಗಸ್ತ್ಯಗಿರಿಯನ್ನು ಹತ್ತುತ್ತಿದ್ದ ವಿಜ್ಞಾನಿಗಳು ದಣಿದರು. ದಾರಿ ತೋರುತ್ತಿದ್ದ ಕಾಣಿ ಜನರು ಮಾತ್ರ ಯಾವುದೋ ಕಾಯಿ ತಿನ್ನುತ್ತ ಉಲ್ಲಾಸದಿಂದ ನಡೆದರು. ಆ ಗಿಡವೇ ಆರೋಗ್ಯಪಚ್ಚ. ಅದರಿಂದಾದ ‘ಜೀವನಿ’ ಔಷಧದ ತಯಾರಿಕೆಯನ್ನು 1995ರಲ್ಲಿ ಒಂದು ಕಂಪನಿಗೆ ಒಪ್ಪಿಸಿದಾಗ ಬಂದ ಶುಲ್ಕ ಮತ್ತು ಗೌರವಧನಗಳ ಅರ್ಧಭಾಗವನ್ನು ಕಾಣಿಗಳಿಗೆಂದು ಗೊತ್ತುಮಾಡಲಾಯಿತು. ಇಂಥ ಹಂಚಿಕೆಯನ್ನು 2002ರ ಜೈವಿಕ ವೈವಿಧ್ಯ ಕಾಯಿದೆಯೂ ವಿಧಿಸಿತು.

ಕಾಯಿದೆ ಇದ್ದರೆ ಸಾಲದು, ಸೌಜನ್ಯವೂ ಬೇಕು. ಬೇರಿನ ಹೆಸರು ಕೇಳುವ ಮುನ್ನ ಅದನ್ನು ಬಲ್ಲವರ ಒಪ್ಪಿಗೆ ಕೇಳಬೇಕು. ಹೇಳಲೊಲ್ಲದ ಗುಟ್ಟನ್ನು ಬಿಟ್ಟುಬಿಡಬೇಕು. ಬರೆದುಕೊಂಡದ್ದನ್ನು ಕನ್ನಡದಲ್ಲಿ ಪೋಡಿಗೆ ಮರಳಿ ತಂದು ಓದಿ ಹೇಳಬೇಕು. ಗಿಡದ ಗುಣ ತಿಳಿದವರು ಅದನ್ನು ಉಳಿಸುವ ಬಗೆಯನ್ನೂ ಬಲ್ಲರು. ಅವರನ್ನು ದೂರವಿಟ್ಟು ಮೂಲಿಕೆಯನ್ನಷ್ಟೇ ತಂದರೆ ಮುಂದಿನ ತಲೆಮಾರಿಗೆ ಹೆಸರು ಉಳಿದೀತು, ಮರ ಉಳಿಯಲಾರದು.