ಅಮೃತಮತಿಯ ಮೇಲೇಕೆ ಇಷ್ಟು ಕೋಪ?

ಸೇಡಂ ರಸ್ತೆಯ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದಾಗ, ಪುಷ್ಪದಂತನು ಅಲ್ಲಿಯೇ ಯಶೋಧರನ ಕಥೆಯನ್ನು ಅಪಭ್ರಂಶದಲ್ಲಿ ಬರೆದನು. 1209ರಲ್ಲಿ ಜನ್ನನು ಆ ಕಥೆಯನ್ನು ಕನ್ನಡದಲ್ಲಿ ಹೇಳಿದನು. ಪಾಠ ಹೇಳುವ ನಮ್ಮವರಿಗೆ ಅದರಲ್ಲಿ ಕಾಣುವುದು ರಾಣಿ ಅಮೃತಮತಿಯ ಜಾರತನವೊಂದೇ! ಅವಳು ಗಂಡನಿಗೂ ಅತ್ತೆಗೂ ವಿಷವಿಕ್ಕಿದಳು, ನಿಜ. ಆದರೆ ತಾಯಿಯ ಮಾತಿಗೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಕೊಟ್ಟವನು ರಾಜ. ಆ ಸಂಕಲ್ಪಹಿಂಸೆಗಾಗಿ ನವಿಲಾಗಿ, ನಾಯಾಗಿ ಹುಟ್ಟಿ ತೊಳಲಿದವರು ಆ ತಾಯಿಮಕ್ಕಳು. ಕಾವ್ಯದ ಜೀವಾಳ ಅದು. ಕುರೂಪಿ ಮಾವುತನಿಗೆ ಒಲಿದಳೆಂದು ಮೂಗುಮುರಿಯುವವರು, ಮುಖ ಕಾಣುವ ಮೊದಲೇ, ಇರುಳಿನಲ್ಲಿ ಕೇಳಿಬಂದ ಅವನ ಹಾಡಿಗೆ ಅವಳು ಸೋತದ್ದನ್ನು ಮರೆಯುತ್ತಾರೆ. ಇಟಲಿಯ ಪೆಟ್ರಾರ್ಕನ ಲಾರಾ ಕವಿಯ ಕಣ್ಣಿಗೆ ಬಿದ್ದ ಚೆಲುವೆ. ನಮ್ಮ ಜನ್ನನಾದರೋ ಹೆಣ್ಣಿಗೇ ಕಿವಿಯನ್ನೂ ಆಸೆಯನ್ನೂ ಕೊಟ್ಟನು. ಪರೀಕ್ಷಕರು ಅವಳ ಪತನವನ್ನೇ ಎಷ್ಟು ಸಲ ಕೇಳುತ್ತಾರೆ? ಹಿಟ್ಟಿನ ಕೋಳಿಯ ಮೇಲೂ ಒಂದು ಪ್ರಶ್ನೆ ಹಾಕಲಿ.